2020ರ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಕೋವಿಡ್ ಟೆಸ್ಟ್ ಇದ್ದರೂ ಸೋಂಕಿತ ಆಟಗಾರ ಫೈನಲ್‌ನಲ್ಲಿ ಆಡಿದ್ದು ಹೇಗೆ?

ರಿಪೋರ್ಟ್ ಬರಲು ಹಿಡಿಯುವ ಸಮಯವೇ ಕಾರಣ.

ಆ ವರ್ಷ ಅಮೆರಿಕದಲ್ಲಿ ಲೀಗ್ ಪಂದ್ಯಗಳನ್ನು ತಂಡಕ್ಕೆ 162ರಿಂದ 60ಕ್ಕೆ ಇಳಿಸಿದ್ದರು. ಆಟಗಾರರು ಒಂದು ದಿನ ಬಿಟ್ಟು ಒಂದು ದಿನ ಪುಟ್ಟ ಟ್ಯೂಬಿಗೆ ಎಂಜಲು ಉಗುಳಿ ಕೊಡಬೇಕಿತ್ತು. ಮೈದಾನದಲ್ಲಿ ಮಾತ್ರ ಉಗುಳುವಂತಿಲ್ಲ! ಬೆರಳು ನೆಕ್ಕುವ ಅಭ್ಯಾಸವಿದ್ದ ಪಿಚರ್‌ಗಳು (ಚೆಂಡು ಎಸೆಯುವವರು) ಜೇಬಿನಲ್ಲಿ ಒದ್ದೆ ಬಟ್ಟೆ ಇಟ್ಟುಕೊಳ್ಳಬಹುದಿತ್ತು. ಪಾಸಿಟಿವ್ ಬಂದವರು ಮರಳಬೇಕಾದರೆ ಕನಿಷ್ಠ 24 ಗಂಟೆ ಅಂತರದ ಎರಡು ಟೆಸ್ಟ್ ನೆಗೆಟಿವ್ ಆಗಬೇಕಿತ್ತು.

ಆದರೆ ಟೆಸ್ಟ್ ಹೇಳೋದು ನಿನ್ನೆಯ ಕಥೆ ಅಲ್ವಾ? ಜುಲೈ 26ರಂದು ಮಯಾಮಿ ಮಾರ್ಲಿನ್ಸ್ ತಂಡ, ಕೆಲವರಿಗೆ ಪಾಸಿಟಿವ್ ಬಂದಿದ್ದರೂ ಫಿಲಡೆಲ್ಫಿಯಾದಲ್ಲಿ ಆಡಿತು. ಕೆಲವೇ ದಿನಗಳಲ್ಲಿ ಸೋಂಕು ತಗುಲಿದ ಆಟಗಾರರ ಸಂಖ್ಯೆ 18ಕ್ಕೆ ಏರಿತು. ಆ ಪಂದ್ಯ ಆಡಿಸಿದ್ದು ದೊಡ್ಡ ತಪ್ಪು ಅಂತಲೇ ನನ್ನ ಅಭಿಪ್ರಾಯ. ಆಮೇಲೆ ನಿಯಮ ಬಿಗಿಯಾಯಿತು.

ಇನ್ನು ನೀವು ಕೇಳಿದ್ದು ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡದ ಆಟಗಾರ ಜಸ್ಟಿನ್ ಟರ್ನರ್ ವಿಷಯ. ಅಕ್ಟೋಬರ್ 27, ವರ್ಲ್ಡ್ ಸೀರೀಸ್ ಎಂಬ ಫೈನಲ್ ಸರಣಿಯ ಆರನೇ ಪಂದ್ಯ, ಟೆಕ್ಸಾಸ್‌ನ ಆರ್ಲಿಂಗ್ಟನ್. ಹಿಂದಿನ ದಿನದ ಸ್ಯಾಂಪಲ್‌ನ ಫಲಿತಾಂಶ ಸ್ಪಷ್ಟವಿಲ್ಲ ಅಂತ ಗೊತ್ತಾದಾಗ ಆಟ ಆಗಲೇ ಶುರುವಾಗಿತ್ತು. ಅವತ್ತಿನ ಸ್ಯಾಂಪಲ್ ಬೇಗ ಪರೀಕ್ಷಿಸಿದರು, ಪಾಸಿಟಿವ್ ಬಂತು. ಒಂಬತ್ತು ಇನಿಂಗ್ಸ್‌ಗಳ ಆಟದ ಎಂಟನೇ ಇನಿಂಗ್ಸ್ ಹೊತ್ತಿಗೆ ಅವರನ್ನು ಹೊರಗೆ ಕರೆದರು. ಡಾಡ್ಜರ್ಸ್ ಗೆದ್ದ ಮೇಲೆ ಅವರು ಮತ್ತೆ ಮೈದಾನಕ್ಕೆ ಬಂದು, ಮಾಸ್ಕ್ ತೆಗೆದು ತಂಡದ ಜೊತೆ ಫೋಟೋಗೆ ಕೂತರು. ಪಕ್ಕದಲ್ಲೇ ಕೂತಿದ್ದ ಮ್ಯಾನೇಜರ್ ಡೇವ್ ರಾಬರ್ಟ್ಸ್ ಕ್ಯಾನ್ಸರ್ ಗೆದ್ದು ಬಂದವರು. ಆ ಫೋಟೋ ನೋಡಿದರೆ ಈಗಲೂ ನನಗೆ ಸಂಕಟವಾಗುತ್ತದೆ.