ಹತ್ತನೆಯ ತರಗತಿಯ ಫಲಿತಾಂಶ, ಎಂಟನೆಯ ತರಗತಿಯ ಓದು

ಪ್ರಶ್ನೆ: ನನ್ನ ಮಗಳು ಊರಿನ ಸರಕಾರಿ ಪ್ರೌಢಶಾಲೆಯಲ್ಲಿ ಎಂಟನೆಯ ತರಗತಿಯಲ್ಲಿದ್ದಾಳೆ. ಈಚೆಗೆ ಇಲಾಖೆಯ ತಂಡ ಶಾಲೆಯ ತಪಾಸಣೆ ಮಾಡಿತು. ಎಸ್‌ಎಸ್‌ಎಲ್‌ಸಿ ಫಲಿತಾಂಶ, ಶಿಸ್ತು, ಬಿಸಿಯೂಟ ಉತ್ತಮವೆಂದು ವರದಿಯಲ್ಲಿದೆಯಂತೆ. ಎಂಟನೆಯವರ ಓದು ಬರಹ ಹಿಂದಿದೆ, ಪ್ರಯೋಗಾಲಯ ಬಳಕೆಯಾಗುತ್ತಿಲ್ಲ, ಆಗಸ್ಟ್ ನಂತರ ಹಾಜರಿ ಕುಸಿಯುತ್ತದೆ ಎಂದೂ ಬರೆದಿದ್ದಾರಂತೆ. ಮಗಳನ್ನು ಕಾರವಾರದ ಖಾಸಗಿ ಶಾಲೆಗೆ ಸೇರಿಸಲು ಮನೆಯವರ ಒತ್ತಾಯವಿದೆ. ಏನು ಮಾಡಲಿ?
– ತಾಯಿಯೊಬ್ಬರು, ಅಂಕೋಲಾ ತಾಲ್ಲೂಕು

ಉತ್ತರ: ವರದಿಯನ್ನು ನೀವಿನ್ನೂ ಕಣ್ಣಾರೆ ಓದಿಲ್ಲವೆಂದು ತೋರುತ್ತದೆ. ಮೊದಲು ಅದಾಗಲಿ. ಮುಖ್ಯಶಿಕ್ಷಕರನ್ನು ಕೇಳಿ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಓದಿಸಿ. ಕೊಡದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಿ, 30 ದಿನಗಳಲ್ಲಿ ಉತ್ತರಿಸಬೇಕು.

ವಿಷಯ ಪರಿವೀಕ್ಷಕಿಯಾಗಿ ಈ ಕರಾವಳಿಯ ಪ್ರೌಢಶಾಲೆಗಳನ್ನು ನೋಡಿದವಳು ನಾನು. ನೀವು ಬರೆದ ಪಟ್ಟಿಯಲ್ಲಿ ನನ್ನನ್ನು ಕಾಡಿದ್ದು ಎಂಟನೆಯ ತರಗತಿಯ ಮಾತು. ಡಿಸೆಂಬರ್ ಬಂತೆಂದರೆ ಅನೇಕ ಶಾಲೆಗಳಲ್ಲಿ ಅನುಭವಿ ಶಿಕ್ಷಕರೆಲ್ಲ ಹತ್ತನೆಯವರ ವಿಶೇಷ ತರಗತಿಗೆ ಹೋಗುತ್ತಾರೆ. ಎಂಟನೆಯವರಿಗೆ ಉಳಿಯುವುದು ನೋಟ್ಸ್ ಬರೆದುಕೊಳ್ಳುವ ಕೆಲಸ. ಹೀಗಾದಲ್ಲಿ ಶಾಲೆಯ ಹೆಗ್ಗಳಿಕೆಗೂ ಕೊರತೆಗೂ ಮೂಲ ಒಂದೇ. ನಿಮ್ಮ ಶಾಲೆಯಲ್ಲೂ ಹೀಗೆಯೇ ಎಂದು ದೂರದಿಂದ ಹೇಳಲಾರೆ, ಎಂಟನೆಯವರ ವೇಳಾಪಟ್ಟಿ ತರಿಸಿ ನೋಡಿ, ಗೊತ್ತಾಗುತ್ತದೆ.

ಫಲಿತಾಂಶವನ್ನೂ ಒಮ್ಮೆ ಬಿಡಿಸಿ ನೋಡಬೇಕು. ಪ್ರಥಮ ಭಾಷೆ ಬಿಟ್ಟು ಪ್ರತಿ ವಿಷಯದಲ್ಲೂ 80 ಅಂಕ ಲಿಖಿತ ಪರೀಕ್ಷೆಗೆ, 20 ಅಂಕ ಶಾಲೆಯೇ ನೀಡುವ ಆಂತರಿಕ ಮೌಲ್ಯಮಾಪನಕ್ಕೆ. ಆಂತರಿಕದಲ್ಲಿ ಎಲ್ಲರಿಗೂ 18, 19 ಬಂದು, ಬರವಣಿಗೆಯಲ್ಲಿ 25ರ ಆಸುಪಾಸಿನಲ್ಲಿ ನಿಂತ ಮಕ್ಕಳು ಎಷ್ಟಿದ್ದಾರೆ ಎಂದು ಕೇಳಿ. ನಕಲು ತಡೆಯಲು ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ (ಕ್ಯಾಮೆರಾ ಮೂಲಕ ನೇರ ನಿಗಾ) ಬಂದ 2024ರಲ್ಲಿ ರಾಜ್ಯದ ಫಲಿತಾಂಶ ಹಿಂದಿನ ವರ್ಷದ ಶೇ. 83.89ರಿಂದ ಶೇ. 73.40ಕ್ಕೆ ಇಳಿಯಿತು, ಅದೂ ಕೃಪಾಂಕ ಕೊಟ್ಟ ಮೇಲೆ. ಆ ವರ್ಷವೂ ನಿಮ್ಮ ಶಾಲೆಯ ಮಕ್ಕಳು ಕುಗ್ಗದೆ ನಿಂತಿದ್ದರೆ ಆ ಶಿಕ್ಷಕರಿಗೆ ಕೈಮುಗಿಯಬೇಕು.

ಹಾಜರಿಯ ವಿಷಯದಲ್ಲಿ ಶಾಲೆಯೊಂದನ್ನೇ ದೂರುವುದು ಅನ್ಯಾಯ. ಜೂನ್ 1ರಿಂದ ಜುಲೈ 31ರವರೆಗಿನ ಯಾಂತ್ರಿಕ ಮೀನುಗಾರಿಕೆ ನಿಷೇಧ ಮುಗಿದು ದೋಣಿಗಳು ಕಡಲಿಗಿಳಿದ ಮೇಲೆ ಗಂಡು ಮಕ್ಕಳು ಬಂದರಿಗೆ ಹೋಗುತ್ತಾರೆ, ರಂಪಣಿ (ದಡದಿಂದ ಎಳೆಯುವ ದೊಡ್ಡ ಬಲೆ) ಬಿಟ್ಟ ದಿನ ಬಲೆ ಎಳೆಯಲು ನಿಲ್ಲುತ್ತಾರೆ. ಪಾಲಿಗೆ ಬಂದ ಮೀನು ಮನೆಯ ಅಡುಗೆಗೆ ಬೇಕಾಗಿರುತ್ತದೆ. ಮನೆಮನೆಗೆ ಹೋಗಿ ಮಾತಾಡಬೇಕಾದವರು ಶಿಕ್ಷಕರೂ ಹೌದು, ಎಸ್‌ಡಿಎಂಸಿಯವರೂ ಹೌದು.

ಪ್ರಯೋಗಾಲಯಕ್ಕೆ ದಾಸ್ತಾನು ವಹಿಯೇ ಸಾಕ್ಷಿ. ಆಮ್ಲದ ಬಾಟಲಿಯ ಪ್ರಮಾಣ ವರ್ಷವಿಡೀ ಇಳಿಯದಿದ್ದರೆ ಬೀಗ ತೆಗೆದಿಲ್ಲವೆಂದೇ ಅರ್ಥ. ಆದರೆ ಪಿಸಿಎಂ (ಭೌತವಿಜ್ಞಾನ, ರಸಾಯನವಿಜ್ಞಾನ, ಗಣಿತ) ಶಿಕ್ಷಕರ ಹುದ್ದೆ ಖಾಲಿಯಿದ್ದು, ಅತಿಥಿ ಶಿಕ್ಷಕರು ತಡವಾಗಿ ಬಂದಿದ್ದರೆ ಆ ದೂರು ಶಾಲೆಗಲ್ಲ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಹೋಗಬೇಕು.

ಹಾಗಾಗಿ ಈ ವರ್ಷ ಮಗಳನ್ನು ಕದಲಿಸಬೇಡಿ. ಹದಿಮೂರರ ಹುಡುಗಿ ಹೋಗಿ ಬರುವ ಬಸ್ಸಿನಲ್ಲಿ ದಿನವೂ ಎರಡು ಗಂಟೆ ಕಳೆದು ಮನೆಗೆ ಬಂದ ಮೇಲೆ ಪುಸ್ತಕ ಹಿಡಿಯುವ ತ್ರಾಣ ಎಲ್ಲಿ? ಇನ್ನು, ಖಾಸಗಿ ಶಾಲೆಯ ಎಂಟನೆಯ ತರಗತಿ ಹೇಗಿದೆಯೆಂದು ಯಾರಾದರೂ ಹೋಗಿ ನೋಡಿದ್ದಾರೆಯೇ? ತಪಾಸಣೆಯ ಬಳಿಕ ಶಾಲೆ ಅನುಪಾಲನಾ ವರದಿ, ಅಂದರೆ ಸೂಚನೆಗಳ ಮೇಲೆ ಏನು ಕ್ರಮ ಕೈಗೊಂಡಿತೆಂಬ ವರದಿ, ಸಲ್ಲಿಸಬೇಕಾಗುತ್ತದೆ. ‘ಸೂಚನೆಯಂತೆ ಕ್ರಮ ಕೈಗೊಳ್ಳಲಾಗಿದೆ’ ಎಂಬ ಒಂದೇ ಸಾಲು ಅದರಲ್ಲಿದ್ದರೆ ಒಪ್ಪಬೇಡಿ. ಎಂಟನೆಯವರಿಗೆ ಓದಿಸುವ ಅವಧಿ ಯಾವುದು, ಯಾರು ಓದಿಸುತ್ತಾರೆ, ಜನವರಿಯಲ್ಲೂ ಅದು ನಡೆಯುತ್ತದೆಯೇ ಎಂದು ಕೇಳಿ. ಸ್ಪಷ್ಟ ಉತ್ತರ ಸಿಗದಿದ್ದರೆ ಬೇಸಿಗೆ ರಜೆಯಲ್ಲಿ ಬೇರೆ ಶಾಲೆಯ ಯೋಚನೆ ಮಾಡಿ.

ಪ್ರಶ್ನೆ: ತಪಾಸಣೆಗೆ ಬಂದವರು ಕೇಳಬಹುದಾದ ಪ್ರಶ್ನೆಗಳಿಗೆ ಮಕ್ಕಳಿಂದ ಮೊದಲೇ ಉತ್ತರ ಬಾಯಿಪಾಠ ಮಾಡಿಸುವುದು ತಪ್ಪೇ?
– ಹೊಸ ಶಿಕ್ಷಕ, ಸಿದ್ದಾಪುರ

ಉತ್ತರ: ತಪ್ಪು. ಪಠ್ಯಪುಸ್ತಕದ ಯಾವುದಾದರೂ ಪುಟ ತೆರೆದು ಓದಿಸಿದರೆ ಬಾಯಿಪಾಠ ಬಯಲಾಗುತ್ತದೆ. ಅದಕ್ಕಿಂತ ದೊಡ್ಡ ನಷ್ಟವೆಂದರೆ, ಓದಲು ಬಾರದ ಮಗುವಿನ ಹೆಸರು ವರದಿಗೆ ಸೇರದೆ ಹೋಗಿ ಅದಕ್ಕೆ ಸಿಗಬೇಕಾದ ಪರಿಹಾರ ಬೋಧನೆ ತಪ್ಪುತ್ತದೆ. ಹಿಂದುಳಿದವರ ಪಟ್ಟಿಯನ್ನು ನೀವೇ ಸಿದ್ಧಮಾಡಿ, ತಂಡ ಬಂದ ದಿನ ಮೇಜಿನ ಮೇಲಿಡಿ.