ಅಂಚಿನ ಮಸುಕು: ಫೋಕಸ್ ಚಕ್ರದಲ್ಲೇ ಪತ್ತೆ ಮಾಡಬಹುದು
ಮಂಡಗದ್ದೆ ಪಕ್ಷಿಧಾಮದಲ್ಲಿ ಬೈನಾಕ್ಯುಲರ್ ಹಿಡಿದು ನೋಡಿದಾಗ ನಡುವಿನ ಬೆಳ್ಳಕ್ಕಿ ಸ್ಪಷ್ಟ, ಅಂಚಿನದು ಮಸುಕು ಅಂದಿರಲ್ಲ, ಅದು ಬಹುಶಃ ಫೀಲ್ಡ್ ಕರ್ವೇಚರ್, ಅಂದರೆ ನಡು ಮತ್ತು ಅಂಚು ಒಂದೇ ಸಲಕ್ಕೆ ಫೋಕಸ್ ಆಗದಿರೋದು. ನಿಮ್ಮ 8×42ರ (8 ಪಟ್ಟು ಹಿಗ್ಗಿಸುವ, 42 ಮಿ.ಮೀ. ಮುಂಗಾಜಿನ ಬೈನಾಕ್ಯುಲರಿನ) 8.2 ಡಿಗ್ರಿ ನೋಟ ಕಣ್ಣಿಗೆ ಸುಮಾರು 65 ಡಿಗ್ರಿಯಷ್ಟು ಅಗಲ. ಅಂಚಿನವರೆಗೂ ಅದೇ ಸ್ಪಷ್ಟತೆ ಉಳಿಸೋದು ಸುಲಭವಲ್ಲ.

ಕನ್ನಡಕ ಹಾಕಿದ್ದರೆ ಮೊದಲು ಐಕಪ್ (ಕಣ್ಣಿಗೆ ತಾಗುವ ಬಳೆ) ಪೂರ್ತಿ ಒಳಕ್ಕೆ ತಿರುಗಿಸಿ. ಆಮೇಲೆ ಬೈನಾಕ್ಯುಲರನ್ನು ಅಲುಗದಂತೆ ಕಟ್ಟೆ ಮೇಲಿಟ್ಟು, ಒಂದು ಕಣ್ಣು ಮುಚ್ಚಿ, ದೂರದ ಅಡಿಕೆ ಗೊನೆಯೊಂದನ್ನು ನಡುವಿನಲ್ಲಿ ಫೋಕಸ್ ಮಾಡಿ. ಅದೇ ಗೊನೆಯನ್ನು ಅಂಚಿಗೆ ತಂದು ಚಕ್ರ ಕೊಂಚ ತಿರುಗಿಸಿ. ಕಾಯಿಗಳು ಬಿಡಿಬಿಡಿಯಾಗಿ ಕಂಡರೆ ಕರ್ವೇಚರ್ರೇ. ಹಕ್ಕಿಯನ್ನು ನಡುವಿಗೆ ತಂದು ನೋಡಿದರಾಯಿತು. ಎಷ್ಟು ತಿರುಗಿಸಿದರೂ ಕಾಯಿ ಎಳೆದಂತೆ ಕಂಡರೆ ಲೆನ್ಸಿನ ಅಸ್ಟಿಗ್ಮ್ಯಾಟಿಸಂ (ಬೆಳಕು ಒಂದೇ ಬಿಂದುವಿಗೆ ಸೇರದ ದೋಷ) ಇರಬೇಕು, ಅದಕ್ಕೆ ಮನೆಮದ್ದಿಲ್ಲ.

ಇನ್ನೊಂದು ಕಣ್ಣಿಗೂ ಹೀಗೇ ಮಾಡಿ. ಒಂದೇ ಕೊಳವೆಯಲ್ಲಿ ಮಸುಕಿದ್ದರೆ ಒಳಗೆ ಏನೋ ಜರುಗಿರಬಹುದು (ಕೈಯಲ್ಲಿ ಹಿಡಿಯದೆ ಖಚಿತವಾಗಿ ಹೇಳಲಾರೆ). ಬಿಚ್ಚೋಕೆ ಮಾತ್ರ ಹೋಗಬೇಡಿ, ಬಿಲ್ ಸಮೇತ ಅಂಗಡಿಗೆ ಒಯ್ಯಿರಿ.