ಒಂದೇ ತಿಂಗಳಲ್ಲಿ ಎರಡು ಬೆಲ್ಟ್ ತುಂಡಾದ ಸೈಡ್-ಬೈ-ಸೈಡ್‌ಗೆ ದೊಡ್ಡ ಟಯರ್ ಹಾಕಿಸಬಹುದೇ?

ನೀವು ಫೀನಿಕ್ಸ್‌ಗೆ ಬಂದು ಒಂದು ವರ್ಷವಾಗಿದೆ. ಎರಡು ಆಸನಗಳ, 1000 ಸಿಸಿ ಎಂಜಿನ್ನಿನ, ಸುಮಾರು 2,400 ಮೈಲಿ ಓಡಿದ ಹಳೆಯ ಸೈಡ್-ಬೈ-ಸೈಡ್ (ಆಸನಗಳು ಅಕ್ಕಪಕ್ಕ ಇರುವ, ಕಚ್ಚಾದಾರಿಯ ನಾಲ್ಕು ಚಕ್ರದ ತೆರೆದ ವಾಹನ) ಒಂದನ್ನು ಕೊಂಡಿದ್ದೀರಿ. ಒಂದೇ ತಿಂಗಳಲ್ಲಿ ಎರಡು ಬೆಲ್ಟ್ ತುಂಡಾಗಿವೆ. ಆದರೂ ಚಳಿಗಾಲದೊಳಗೆ 32 ಇಂಚಿನ ಟಯರ್, ವಾಹನವನ್ನು ಎತ್ತರಿಸುವ ಮೂರಿಂಚಿನ ಲಿಫ್ಟ್ ಕಿಟ್ ಮತ್ತು ಚಾವಣಿಯ ಮೇಲೊಂದು ದೀಪದ ಪಟ್ಟಿ ಹಾಕಿಸಬೇಕೆಂದಿದ್ದೀರಿ, ಯಾವುದರಿಂದ ಆರಂಭಿಸಲಿ ಎಂದು ಕೇಳಿದ್ದೀರಿ. ಈ ಮೂರರಲ್ಲಿ ಯಾವುದನ್ನೂ ಈಗ ಮುಟ್ಟಬೇಡಿ ಎಂಬುದು ನನ್ನ ಉತ್ತರ. ಇದೇ ಅರಿಜೋನಾದ ಕಲ್ಲುದಾರಿಗಳಲ್ಲಿ ಎಂಟು ವರ್ಷದಿಂದ ಇಂಥದೇ ವಾಹನವನ್ನು ಓಡಿಸಿ, ಕೆಡಿಸಿ, ನನ್ನ ಗ್ಯಾರೇಜಿನಲ್ಲೇ ರಿಪೇರಿ ಮಾಡಿಕೊಂಡು ಬಂದವನಾದ್ದರಿಂದ ಕಾರಣಗಳನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಬೆಲ್ಟ್ ತುಂಡಾಗುವುದು ಬಹುಮಟ್ಟಿಗೆ ಬೆಲ್ಟಿನ ದೋಷದಿಂದಲ್ಲ. ನಿಮ್ಮ ವಾಹನದಲ್ಲಿ ಕಾರಿನಂತೆ ಹಲ್ಲಿನ ಗೇರುಗಳು ವೇಗವನ್ನು ಬದಲಿಸುವುದಿಲ್ಲ. ಎಂಜಿನ್ ಕಡೆಯ ಕ್ಲಚ್ಚು ಮತ್ತು ಗೇರ್‌ಬಾಕ್ಸ್ ಕಡೆಯ ಕ್ಲಚ್ಚು ಎಂಬ ಎರಡು ರಾಟೆಗಳು ಅಗಲವಾಗುತ್ತ ಕಿರಿದಾಗುತ್ತ ಒಂದು ರಬ್ಬರ್ ಬೆಲ್ಟನ್ನು ಹಿಡಿದು ಎಳೆಯುತ್ತವೆ. ಎಂಜಿನ್ ವೇಗವಾಗಿ ತಿರುಗಿದಷ್ಟೂ ಮುಂದಿನ, ಅಂದರೆ ಎಂಜಿನ್ ಕಡೆಯ, ಕ್ಲಚ್ಚಿನ ತೂಕದ ತುಂಡುಗಳು ಹೊರಕ್ಕೆ ಚಿಮ್ಮಿ ಬೆಲ್ಟನ್ನು ಬಿಗಿಯಾಗಿ ಅಮುಕುತ್ತವೆ. ಮುಂದಕ್ಕೆ ಓಡಲು ನೀವು ಆರಿಸುವುದು ಹೈ (ವೇಗಕ್ಕೆ), ಲೋ (ಬಲಕ್ಕೆ) ಎಂಬ ಎರಡೇ ಗೇರುಗಳಲ್ಲಿ ಒಂದನ್ನು. ನಿಧಾನವಾಗಿ, ಅದರಲ್ಲೂ ಹೈ ಗೇರಿನಲ್ಲಿ ಬಂಡೆ ಹತ್ತುವಾಗ, ಆ ಹಿಡಿತ ಅರೆಬರೆಯಾಗಿದ್ದು ಬೆಲ್ಟ್ ಜಾರುತ್ತದೆ, ಜಾರಿದರೆ ಕಾಯುತ್ತದೆ. ಅಷ್ಟೇ ಅಲ್ಲ, ಕ್ಲಚ್ಚಿನ ಮೇಲಿರುವ ರೆಕ್ಕೆಗಳೇ ಅದರ ಪೆಟ್ಟಿಗೆಗೆ ಗಾಳಿ ಎಳೆಯುವ ಬೀಸಣಿಗೆಯಾದ್ದರಿಂದ, ಎಂಜಿನ್ ನಿಧಾನವಾಗಿ ತಿರುಗುವಾಗ ತಂಪಾಗಿಸುವ ಗಾಳಿಯೂ ಕಡಿಮೆಯಾಗುತ್ತದೆ. ಹೀಗಾಗಿ ಬೆಲ್ಟ್ ಹೆಚ್ಚು ಕಾಯುವ ಹೊತ್ತಿಗೇ ಅದಕ್ಕೆ ಗಾಳಿ ಕಡಿಮೆ ಸಿಗುತ್ತದೆ. ಗಂಟೆಗೆ 15 ಮೈಲಿಗಿಂತ ನಿಧಾನವಾಗಿ ಸಾಗುವ ದಾರಿಯಲ್ಲೆಲ್ಲ ಲೋ ಗೇರನ್ನೇ ಬಳಸಬೇಕೆಂದು ಹೇಳುವುದು ಇದೇ ಕಾರಣಕ್ಕೆ: ಚಕ್ರ ಅಷ್ಟೇ ನಿಧಾನವಾಗಿ ಉರುಳಿದರೂ ಕ್ಲಚ್ಚುಗಳು ಜೋರಾಗಿ ತಿರುಗುತ್ತವೆ, ಬೆಲ್ಟಿನ ಮೇಲಿನ ಹೊರೆಯೂ ಇಳಿಯುತ್ತದೆ.

ತುಂಡಾದ ಬೆಲ್ಟುಗಳನ್ನು ಎಸೆದಿಲ್ಲವೆಂದು ಭಾವಿಸುತ್ತೇನೆ, ಏಕೆಂದರೆ ಅವುಗಳನ್ನು ನೋಡಿದರೇ ಅರ್ಧ ಕಾರಣ ತಿಳಿಯುತ್ತದೆ. ಎರಡೂ ಪಕ್ಕಗಳು ಗಾಜಿನಂತೆ ಹೊಳೆಯುತ್ತಿದ್ದರೆ ಅದು ಬಹಳ ಹೊತ್ತು ಜಾರಿ ಕಾದ ಬೆಲ್ಟ್. ಬೆಲ್ಟಿನ ಉದ್ದದಲ್ಲಿ ಒಂದೇ ಜಾಗ ಸೊಂಟ ಸಣ್ಣಗಾದಂತೆ ಸವೆದಿದ್ದರೆ, ಚಕ್ರ ಬಂಡೆಗೋ ಮರಳಿಗೋ ಸಿಕ್ಕಿ ಅಲುಗದಿದ್ದಾಗ ನೀವು ಆಕ್ಸಿಲರೇಟರ್ ಒತ್ತಿ ಹಿಡಿದಿದ್ದೀರಿ, ಬೆಲ್ಟ್ ನಿಂತಲ್ಲೇ ಕ್ಲಚ್ಚು ಅದನ್ನು ಉಜ್ಜಿದೆ. ಒಂದು ಅಂಚಿನ ನೂಲು ಮಾತ್ರ ಎದ್ದಿದ್ದರೆ ಕ್ಲಚ್ಚುಗಳು ಒಂದೇ ಸಾಲಿನಲ್ಲಿಲ್ಲ, ಅಥವಾ ಎಂಜಿನ್ ಮೌಂಟ್ ಸಡಿಲವಾಗಿದೆ. ಹಲ್ಲುಗಳು ಮುರಿದು ಉದುರಿದ್ದರೆ, ಚಕ್ರ ಗಾಳಿಯಲ್ಲಿ ತಿರುಗುತ್ತಿದ್ದು ಥಟ್ಟನೆ ನೆಲ ಹಿಡಿದಂಥ ಹೊಡೆತವೋ, ಹಳೆಯದಾಗಿ ಗಡುಸಾದ ರಬ್ಬರೋ ಕಾರಣವಿರಬೇಕು.

ಎರಡನೆಯ ಬೆಲ್ಟ್ ಏಕೆ ಬೇಗ ಹೋಯಿತೆಂಬುದಕ್ಕೆ ನನ್ನದೇ ಒಂದು ಪೆದ್ದುತನವನ್ನು ಹೇಳುತ್ತೇನೆ. ಕ್ರೌನ್ ಕಿಂಗ್ ಕಡೆಗೆ ಹತ್ತುವ ಬೆಟ್ಟದ ದಾರಿಯಲ್ಲಿ ಮೊದಲ ಬಾರಿ ನನ್ನ ಬೆಲ್ಟ್ ಸಿಡಿದಾಗ ಕತ್ತಲಾಗುತ್ತಿತ್ತು. ಮುಚ್ಚಳ ಬಿಚ್ಚಿ, ಕಣ್ಣಿಗೆ ಕಂಡ ಚಿಂದಿಯನ್ನಷ್ಟೇ ಎಳೆದು ಬಿಸಾಡಿ, ಹೊಸ ಬೆಲ್ಟ್ ಹಾಕಿ ಹೊರಟೆ. ಇಪ್ಪತ್ತು ಮೈಲಿಯೊಳಗೆ ಅದೂ ಹೋಯಿತು. ಮನೆಗೆ ತಂದು ಮುಂದಿನ ಕ್ಲಚ್ಚನ್ನು ಕಳಚಿ ನೋಡಿದರೆ, ಹಳೆಯ ಬೆಲ್ಟಿನ ನೂಲೆಲ್ಲ ಅದರ ಹಿಂದೆ ಕ್ರ್ಯಾಂಕ್ ದಂಡಕ್ಕೆ ಹಗ್ಗದಂತೆ ಸುತ್ತಿಕೊಂಡು ಆಯಿಲ್ ಸೀಲನ್ನು ಕೊಯ್ದಿತ್ತು. ಜಿನುಗಿದ ಎಣ್ಣೆ ಕ್ಲಚ್ಚಿನ ಮುಖಕ್ಕೆ ಹರಡಿ ಹೊಸ ಬೆಲ್ಟ್ ಜಾರಿತ್ತು. ಆದ್ದರಿಂದ ಮೂರನೆಯ ಬೆಲ್ಟ್ ಹಾಕುವ ಮುನ್ನ ಎರಡೂ ಕ್ಲಚ್ಚುಗಳನ್ನು ಸರಿಯಾದ ಪುಲ್ಲರ್ ಬಳಸಿ ಹೊರತೆಗೆಯಿರಿ, ಸುತ್ತಿಗೆಯಿಂದ ಬಡಿಯಬೇಡಿ. ಪೆಟ್ಟಿಗೆಯನ್ನೂ, ಗಾಳಿ ಒಳಬರುವ ಮತ್ತು ಹೊರಹೋಗುವ ಕೊಳವೆಗಳನ್ನೂ ಪೂರ್ತಿ ಸ್ವಚ್ಛಮಾಡಿ. ಕ್ಲಚ್ಚಿನ ಮುಖಗಳನ್ನು ಒರಟು ನಾರಿನ ಪ್ಯಾಡಿನಿಂದ ಹಗುರವಾಗಿ ಉಜ್ಜಿ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ. ಉಗುರಿಗೆ ತಾಗುವಂಥ ಗೀರು, ಚಪ್ಪಟೆಯಾದ ರೋಲರ್, ಅಲುಗಾಡುವ ಬುಷ್ ಕಂಡರೆ ಅದನ್ನು ಬದಲಿಸದೆ ಮುಂದೆ ಹೋಗಬೇಡಿ. ಹೊಸ ಬೆಲ್ಟಿನ ಮೇಲೆ ಕಾರ್ಖಾನೆಯ ಜಿಡ್ಡು ಇರುವುದರಿಂದ ಸಾಬೂನು ನೀರಿನಲ್ಲಿ ತೊಳೆದು ಒಣಗಿಸಿ ಹಾಕಿ, ಮೊದಲ 50 ಮೈಲಿಯನ್ನು ವೇಗವನ್ನು ಏರಿಸುತ್ತ ಇಳಿಸುತ್ತ ಮೆಲ್ಲಗೆ ಓಡಿಸಿ. ಈ ತಾಳ್ಮೆಗೆ ಇನ್ನೊಂದು ಬೆಲ್ಟಿನ ಖರ್ಚಿಗೂ ಮೀರಿದ ಬೆಲೆಯಿದೆ.

ಬೆಲ್ಟಿನ ನಂತರ ದೂಳು. ಎಂಜಿನ್ನಿನ ಆಯುಷ್ಯವನ್ನು ನಿರ್ಧರಿಸುವುದು ಅದೇ. ಮೂಡಿಗೆರೆಯ ನಮ್ಮ ತೋಟದ ಹಳೆಯ ಜೀಪಿಗೆ ಎಣ್ಣೆ ತುಂಬಿದ ಬಟ್ಟಲಿನ ಏರ್ ಕ್ಲೀನರ್ ಇತ್ತು. ಬೇಸಗೆಯಲ್ಲಿ ವಾರಕ್ಕೊಮ್ಮೆ ಅದನ್ನು ಬಿಚ್ಚಿ, ತಳದಲ್ಲಿ ಕೂತ ಕೆಂಪು ಕೆಸರನ್ನು ತೋರಿಸಿ, ಇಷ್ಟು ಮಣ್ಣು ಎಂಜಿನ್ ತಿನ್ನಬೇಕಿತ್ತು ಎಂದು ಅಪ್ಪ ಹೇಳುತ್ತಿದ್ದರು. ಇಲ್ಲಿಯ ದೂಳು ಅದಕ್ಕಿಂತ ನುಣುಪು, ಮುಖಕ್ಕೆ ಹಚ್ಚುವ ಪೌಡರಿನಂಥದು. ಫಿಲ್ಟರಿನ ಅಂಚು ಕೂದಲೆಳೆಯಷ್ಟು ಸರಿಯಾಗಿ ಕೂರದಿದ್ದರೂ ಅಲ್ಲಿಂದ ನುಗ್ಗುತ್ತದೆ. ನೀವು ಕೊಂಡಿರುವುದು ಹಳೆಯ ವಾಹನವಾದ್ದರಿಂದ ಈ ವಾರವೇ ಒಂದು ಕೆಲಸ ಮಾಡಿ: ಏರ್ ಫಿಲ್ಟರ್ ತೆಗೆದು, ಅದರಾಚೆ ಎಂಜಿನ್ ಕಡೆಗೆ ಹೋಗುವ ಕೊಳವೆಯ ಒಳಮೈಯನ್ನು ಬಿಳಿ ಬಟ್ಟೆಯಿಂದ ಒರೆಸಿ ನೋಡಿ. ಬಟ್ಟೆಗೆ ಮಣ್ಣು ಹತ್ತಿದರೆ, ಬೇರೆ ಯಾವುದಕ್ಕೂ ಹಣ ಹಾಕುವ ಮೊದಲು ಎಂಜಿನ್ನಿನ ಕಂಪ್ರೆಷನ್ ಮತ್ತು ಲೀಕ್‌ಡೌನ್ ಪರೀಕ್ಷೆ (ಸಿಲಿಂಡರಿನ ಒತ್ತಡ ಎಷ್ಟಿದೆ, ಎಷ್ಟು ಸೋರುತ್ತಿದೆ ಎಂಬುದರ ಅಳತೆ) ಮಾಡಿಸಿ. ಪಿಸ್ಟನ್ ರಿಂಗ್ ಸವೆದ ಎಂಜಿನ್ನಿಗೆ ದೊಡ್ಡ ಟಯರ್ ಕಟ್ಟುವುದು ವ್ಯರ್ಥ. ಕಾಗದದ ಫಿಲ್ಟರಿಗೆ ಕಂಪ್ರೆಸರ್ ಗಾಳಿ ಹೊಡೆದು ಮತ್ತೆ ಹಾಕುವ ರೂಢಿ ಅನೇಕರಲ್ಲಿದೆ, ನನಗದು ಒಪ್ಪಿಗೆಯಿಲ್ಲ. ಆ ರಭಸಕ್ಕೆ ಕಾಗದದಲ್ಲಿ ಕಣ್ಣಿಗೆ ಕಾಣದ ತೂತುಗಳಾಗುತ್ತವೆ. ಹೊಸದನ್ನು ಹಾಕಿ, ಅಂಚಿಗೆ ತೆಳುವಾಗಿ ಗ್ರೀಸು ಸವರಿ, ಕ್ಲ್ಯಾಂಪುಗಳನ್ನು ಬಿಗಿಮಾಡಿ. ಗುಂಪಿನಲ್ಲಿ ಹೋಗುವಾಗ ಮುಂದಿನವರ ದೂಳು ಚದುರುವಷ್ಟು ಅಂತರ ಬಿಡುವುದು ಯಾವ ಫಿಲ್ಟರಿಗಿಂತಲೂ ಅಗ್ಗ. ಎಂಜಿನ್ ಆಯಿಲ್ ಬದಲಿಸಲು ನಿಮ್ಮ ಕೈಪಿಡಿ ಹೇಳಿದ ಗಂಟೆಗಳನ್ನು ಇಲ್ಲಿಯ ದೂಳಿಗೆ ಅರ್ಧ ಮಾಡಿಕೊಳ್ಳಿ. ಗೇರ್‌ಬಾಕ್ಸ್ ಮತ್ತು ಡಿಫರೆನ್ಷಿಯಲ್‌ನ ಎಣ್ಣೆ ಹಾಲು ಬೆರೆಸಿದಂತೆ ಕಂಡರೆ ನೀರು ಸೇರಿದೆಯೆಂದು ತಿಳಿಯಿರಿ.

ಚಕ್ರದ ಬೇರಿಂಗ್ ಪರೀಕ್ಷಿಸುವುದು ಸುಲಭ. ವಾಹನವನ್ನು ಜ್ಯಾಕಿನಿಂದ ಎತ್ತಿ, ಸ್ಟ್ಯಾಂಡಿನ ಮೇಲೆ ಕೂರಿಸಿ, ಟಯರನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿ. ಕಟಕಟ ಅಂದರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್, ಎಡಬಲಕ್ಕೆ ಹಿಡಿದಾಗ ಮಾತ್ರ ಅಂದರೆ ಟೈ ರಾಡ್. ಬೇರಿಂಗ್ ಬದಲಿಸುವಾಗ ನಾನು ಅದನ್ನು ಹಿಂದಿನ ರಾತ್ರಿಯೇ ಫ್ರೀಜರಿನಲ್ಲಿ ತೆಂಗಿನ ತುರಿಯ ಪೊಟ್ಟಣಗಳ ಪಕ್ಕ ಇಟ್ಟಿರುತ್ತೇನೆ. ಮನೆಯವರ ಆಕ್ಷೇಪಣೆ ಏನೇ ಇರಲಿ, ತಣ್ಣಗೆ ಕುಗ್ಗಿದ ಬೇರಿಂಗ್ ಬಿಸಿಮಾಡಿದ ಅಲ್ಯುಮಿನಿಯಂ ಗೂಡಿಗೆ ಹೆಚ್ಚು ಬಲವಿಲ್ಲದೆ ಇಳಿಯುತ್ತದೆ. ಒತ್ತುವಾಗ ಹೊರಗಿನ ಬಳೆಯ ಮೇಲೆ ಮಾತ್ರ ಒತ್ತಬೇಕು, ಒಳಬಳೆಯ ಮೇಲೆ ಒತ್ತಿದರೆ ಹೊಸ ಬೇರಿಂಗ್ ಅಲ್ಲೇ ಹಾಳಾಗುತ್ತದೆ. ಸವಾರಿ ಮುಗಿಸಿ ಬಂದಮೇಲೆ ಹೈ ಪ್ರೆಷರ್ ನೀರಿನಿಂದ ತೊಳೆಯುವವರೇ ಹೆಚ್ಚು ಬೇರಿಂಗ್ ಕೊಳ್ಳುವುದನ್ನು ಕಂಡಿದ್ದೇನೆ, ಏಕೆಂದರೆ ಆ ನೀರು ಸೀಲನ್ನು ದಾಟಿ ಗ್ರೀಸನ್ನು ತೊಳೆದುಬಿಡುತ್ತದೆ. ರೇಡಿಯೇಟರಿಗೂ ಅದೇ ಮಾತು: ತೋಟದ ಪೈಪಿನ ಸಾದಾ ನೀರನ್ನು ಹಿಂಬದಿಯಿಂದ ಮುಂದಕ್ಕೆ ಹಾಯಿಸಿದರೆ ಸಿಕ್ಕಿಕೊಂಡ ಕೆಸರು ಬಂದ ದಾರಿಯಲ್ಲೇ ಹೊರಬೀಳುತ್ತದೆ, ತೆಳು ರೆಕ್ಕೆಗಳು ಮಡಚಿಕೊಳ್ಳುವುದಿಲ್ಲ. ಆಕ್ಸಲ್ಲಿನ ರಬ್ಬರ್ ಬೂಟುಗಳನ್ನು ಪ್ರತಿ ಸವಾರಿಯ ನಂತರ ಕೈಯಿಂದ ಸವರಿ ನೋಡಿ. ಹರಿದದ್ದು ಅಂದೇ ಕಂಡರೆ ಬೂಟಿನ ಖರ್ಚು, ತಿಂಗಳ ನಂತರ ಕಂಡರೆ ಇಡೀ ಆಕ್ಸಲ್ಲಿನ ಖರ್ಚು.

ಈಗ ನೀವು ಆಸೆಪಟ್ಟ ಮೂರು ಸೇರ್ಪಡೆಗಳ ವಿಷಯ. ನಿಮ್ಮದರಲ್ಲಿ ಈಗಿರುವುದು 29 ಇಂಚಿನ ಟಯರ್ ಎಂದು ಬರೆದಿದ್ದೀರಿ. ಅದನ್ನು 32 ಇಂಚಿಗೆ ಏರಿಸಿದರೆ ವ್ಯಾಸ ಸುಮಾರು ಹತ್ತು ಪ್ರತಿಶತ ಹೆಚ್ಚುತ್ತದೆ, ಅಂದರೆ ಪ್ರತಿ ಗೇರನ್ನೂ ಅಷ್ಟೇ ಪ್ರಮಾಣದಲ್ಲಿ ಎತ್ತರಕ್ಕೆ ಏರಿಸಿದಂತೆ: ಅದೇ ಏರನ್ನು ಹತ್ತಲು ಎಂಜಿನ್ ಹೆಚ್ಚು ಬಲ ಹಾಕಬೇಕು. ಜತೆಗೆ ಪ್ರತಿ ಚಕ್ರದ ತೂಕವೂ ಹೆಚ್ಚುತ್ತದೆ. ಈ ಹೊರೆಯನ್ನೆಲ್ಲ ಹೊರುವುದು ಈಗಾಗಲೇ ಎರಡು ಸಲ ತುಂಡಾದ ಆ ಬೆಲ್ಟೇ. ಕ್ಲಚ್ಚಿನ ತೂಕ ಮತ್ತು ಸ್ಪ್ರಿಂಗುಗಳನ್ನು ಟಯರಿಗೆ ಹೊಂದುವಂತೆ ಬದಲಿಸದೆ ದೊಡ್ಡ ಟಯರ್ ಹಾಕಿಸಿದವರು ಬೆಲ್ಟಿನ ಕಂಪನಿಯನ್ನು ಬೈಯುವುದನ್ನು ನಾನು ಬೇಕಾದಷ್ಟು ಕೇಳಿದ್ದೇನೆ. 30 ಇಂಚಿನ, ಪಕ್ಕದ ಗೋಡೆ ದಪ್ಪಗಿರುವ ಟಯರ್ ಇಲ್ಲಿಯ ಕಲ್ಲಿಗೆ ಧಾರಾಳವಾಗಿ ಸಾಕು. ಲಿಫ್ಟ್ ಕಿಟ್ ಬಗ್ಗೆ ನನಗೆ ಉತ್ಸಾಹವೇ ಇಲ್ಲ: ಮೂರಿಂಚು ಎತ್ತರಿಸಿದರೆ ಆಕ್ಸಲ್ಲುಗಳು ಸದಾ ಓರೆಯಾಗಿ ತಿರುಗಿ ಅವುಗಳ ಸಿವಿ ಜಾಯಿಂಟ್ (ಆಕ್ಸಲ್ ಬಾಗಿದಾಗಲೂ ತಿರುಗಲು ಬಿಡುವ ಕೀಲು) ಬೇಗ ಸವೆಯುತ್ತದೆ, ವಾಹನದ ಭಾರವೂ ಮೇಲಕ್ಕೇರಿ ಪಕ್ಕಕ್ಕೆ ಉರುಳುವ ಅಪಾಯ ಹೆಚ್ಚುತ್ತದೆ. ಕೆಸರಿನ ನಾಡಿನಲ್ಲಿ ಅದಕ್ಕೆ ಅರ್ಥವಿದೆ, ಇಳಿಜಾರು ಬಂಡೆಯ ಅರಿಜೋನಾದಲ್ಲಿ ಇಲ್ಲ.

ಬೆಲ್ಟಿನ ತೊಂದರೆ ಬಗೆಹರಿದ ಮೇಲೆ ದೀಪದ ಪಟ್ಟಿಯನ್ನು ನೀವೇ ಹಾಕಿಕೊಳ್ಳಬಹುದು, ಲೆಕ್ಕ ಮಾತ್ರ ಸರಿಯಿರಬೇಕು. 240 ವ್ಯಾಟಿನ ಪಟ್ಟಿ 12 ವೋಲ್ಟಿನಲ್ಲಿ 20 ಆಂಪಿಯರ್ ಎಳೆಯುತ್ತದೆ. ಅಷ್ಟನ್ನು ಸ್ವಿಚ್ಚಿನ ಮೂಲಕವೇ ಹಾಯಿಸದೆ ರಿಲೇ (ಸಣ್ಣ ವಿದ್ಯುತ್ತಿನಿಂದ ದೊಡ್ಡದನ್ನು ಹಾಯಿಸಿ ನಿಲ್ಲಿಸುವ ಸಾಧನ) ಬಳಸಿ, ತಂತಿಯ ಗಾತ್ರಕ್ಕೆ ತಕ್ಕ ಫ್ಯೂಸನ್ನು ಬ್ಯಾಟರಿಯಿಂದ ಒಂದು ಗೇಣಿನೊಳಗೆ ಇರಿಸಿ. ದೂರದಲ್ಲಿಟ್ಟರೆ ನಡುವಿನ ತಂತಿ ಉಜ್ಜಿ ವಾಹನದ ಲೋಹದ ಚೌಕಟ್ಟಿಗೆ ತಾಗಿದಾಗ ಅದನ್ನು ಕಾಯುವವರಿಲ್ಲ. ನಿಂತಲ್ಲಿ ಎಂಜಿನ್ ಮೆಲ್ಲಗೆ ಓಡುತ್ತಿರುವಾಗ ವಿದ್ಯುತ್ ಉತ್ಪಾದನೆ ಕಡಿಮೆಯಿರುವುದರಿಂದ ದೀಪ, ವಿಂಚ್ (ಸಿಕ್ಕಿಬಿದ್ದ ಗಾಡಿಯನ್ನು ಹಗ್ಗದಿಂದ ಎಳೆಯುವ ಮೋಟಾರು) ಎರಡನ್ನೂ ಒಟ್ಟಿಗೆ ಬಳಸಿದರೆ ಬ್ಯಾಟರಿ ಬರಿದಾಗುತ್ತದೆ.

ಹಣ ಖರ್ಚು ಮಾಡಲೇಬೇಕೆಂದಿದ್ದರೆ ನನ್ನ ಆಯ್ಕೆಯೇ ಬೇರೆ. ಮೊದಲನೆಯದು ಬೆಲ್ಟಿನ ಉಷ್ಣತೆ ತೋರಿಸುವ ಮಾಪಕ. 200 ಡಿಗ್ರಿ ಫ್ಯಾರನ್‌ಹೀಟ್ ಒಳಗಿದ್ದರೆ ನಾನು ನಿಶ್ಚಿಂತನಾಗಿರುತ್ತೇನೆ, 250ರ ಹತ್ತಿರ ಬಂದರೆ ನ್ಯೂಟ್ರಲ್‌ನಲ್ಲಿ ನಿಲ್ಲಿಸಿ ಎಂಜಿನ್ನನ್ನು ಸ್ವಲ್ಪ ಜೋರಾಗಿ ಓಡಲು ಬಿಟ್ಟು ಗಾಳಿ ಹಾಯಿಸುತ್ತೇನೆ. ಎರಡನೆಯದು ನಾಲ್ಕು ಕೊಂಡಿಯ ಸೀಟ್ ಬೆಲ್ಟ್, ಮೂರನೆಯದು ಕೈಗೆ ಥಟ್ಟನೆ ಸಿಗುವ ಅಗ್ನಿಶಾಮಕ. ಕೊನೆಯದನ್ನು ಅಲಂಕಾರವೆಂದು ತಿಳಿಯಬೇಡಿ: 2016ರ ಏಪ್ರಿಲ್‌ನಲ್ಲಿ ಪೊಲಾರಿಸ್ ಕಂಪನಿ ಬೆಂಕಿಯ ಅಪಾಯದ ಕಾರಣಕ್ಕೆ ತನ್ನ ಸುಮಾರು 1,33,000 ಆರ್‌ಜೆಡ್‌ಆರ್ ಎಂಬ ಸೈಡ್-ಬೈ-ಸೈಡ್ ವಾಹನಗಳನ್ನು ಹಿಂದಕ್ಕೆ ಕರೆಸಿತ್ತು. ನಿಮ್ಮದು ಯಾವ ಕಂಪನಿಯದೇ ಆಗಿರಲಿ, ಅದರ ಗುರುತಿನ ಸಂಖ್ಯೆಯನ್ನು ಡೀಲರ್ ಬಳಿ ಕೊಟ್ಟು, ಹಿಂದಿನ ಮಾಲೀಕರು ಮಾಡಿಸದೆ ಬಿಟ್ಟ ರಿಕಾಲ್ ಕೆಲಸವೇನಾದರೂ ಉಳಿದಿದೆಯೇ ಎಂದು ಕೇಳಿ, ಅದು ಉಚಿತ. ಮುಂಭಾಗಕ್ಕೆ ಪೂರ್ಣ ಗಾಜು ಹಾಕಿಸುವ ಯೋಚನೆಯಿದ್ದರೆ ಹಿಂದಿನ ಗಾಜನ್ನೂ ಹಾಕಿಸಿ, ಇಲ್ಲವಾದರೆ ಗಾಳಿ ಸುಳಿಯಾಗಿ ಹಿಂದಿನ ದೂಳನ್ನೆಲ್ಲ ನಿಮ್ಮ ಕತ್ತಿಗೇ ತಂದು ಸುರಿಯುತ್ತದೆ. ಸೈಲೆನ್ಸರ್ ಬದಲಿಸುವುದಾದರೆ ಅರಿಜೋನಾದ ಮಿತಿ 96 ಡೆಸಿಬೆಲ್ ಎಂಬುದನ್ನೂ, ಟೊಂಟೊ ರಾಷ್ಟ್ರೀಯ ಅರಣ್ಯದೊಳಗೆ ಹೋಗಲು ಕಿಡಿ ತಡೆಯುವ ಜಾಲರಿ ಅದರಲ್ಲಿರಬೇಕೆಂಬುದನ್ನೂ ನೆನಪಿಡಿ.

ಗಾಡಿಯಲ್ಲಿ ಸದಾ ಒಂದು ಹೊಸ ಬೆಲ್ಟ್, ಹಿಂದಿನ ಕ್ಲಚ್ಚನ್ನು ಅಗಲಿಸುವ ಬೋಲ್ಟ್, ಮುಚ್ಚಳದ ಸ್ಕ್ರೂಗಳಿಗೆ ಹೊಂದುವ ಸಾಕೆಟ್, ಟಯರ್ ಪಂಕ್ಚರ್ ಕಿಟ್, ಸಣ್ಣ ಕಂಪ್ರೆಸರ್ ಮತ್ತು ಒಬ್ಬರಿಗೆ ದಿನಕ್ಕೆ ಒಂದು ಗ್ಯಾಲನ್ನಿನಂತೆ ಕುಡಿಯುವ ನೀರು ಇರಲಿ. ಬೆಲ್ಟ್ ಬದಲಿಸುವುದನ್ನು ಒಮ್ಮೆ ಮನೆಯ ನೆರಳಿನಲ್ಲೇ ಮಾಡಿ ಅಭ್ಯಾಸ ಮಾಡಿಕೊಳ್ಳಿ. ಬಿಸಿಲಲ್ಲಿ, ಕಾದ ಲೋಹದ ನಡುವೆ ಮೊದಲ ಬಾರಿ ಕಲಿಯುವ ಕೆಲಸವಲ್ಲ ಅದು. ತುಂಡಾದ ಎರಡೂ ಬೆಲ್ಟುಗಳ ಪಕ್ಕಗಳು ಕಾಣುವಂತೆ ಒಂದೊಂದು ಚಿತ್ರವನ್ನೂ, ಮುಂದಿನ ಕ್ಲಚ್ಚು ಕಳಚಿದ ಮೇಲೆ ಅದರ ಹಿಂಭಾಗದ ಸೀಲಿನ ಚಿತ್ರವನ್ನೂ ನಿಮ್ಮ ಪ್ರಶ್ನೆಗೆ ಸೇರಿಸಿದರೆ, ಮೂರನೆಯ ಬೆಲ್ಟ್ ಕೊಳ್ಳುವ ಮುನ್ನ ಇನ್ನೇನು ಬದಲಿಸಬೇಕೆಂದು ಇಲ್ಲಿಯೇ ತಿಳಿಸುತ್ತೇನೆ.